ಗಟ್ಟಿ ಮೌಂಟಿಂಗ್: ಯಾವುದಕ್ಕೆ ಸರಿ, ಯಾವುದಕ್ಕೆ ಬೇಡ

ಮಾನ್ಯರೇ,

ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಕಾರಿಗೆ ಹಿಡಿದಿಟ್ಟು ಅದರ ಅದುರು ತಡೆಯುವ ಭಾಗ) ಹೋಯಿತೆಂದರೆ ರಬ್ಬರಿನದು ಬಿಟ್ಟು ಗಟ್ಟಿ ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಹಾಕಿಸಿಬಿಡಿ ಎಂಬ ಸಲಹೆ ಗ್ಯಾರೇಜುಗಳಲ್ಲೂ ವಾಹನ ಅಂಕಣಗಳಲ್ಲೂ ಧಾರಾಳವಾಗಿ ಸಿಗುತ್ತದೆ. ಯಾವ ಮೌಂಟಿಂಗ್, ಎಷ್ಟು ಸಿಲಿಂಡರ್ ಎಂದು ಕೇಳದೆ ಕೊಡುವ ಈ ಸಲಹೆ ಸಣ್ಣ ಕಾರುಗಳಿಗೆ ದುಬಾರಿಯಾಗುತ್ತಿದೆ.

ಎಂಜಿನ್ ಅಡ್ಡಲಾಗಿ ಕೂತಿರುವ ಬಹುಪಾಲು ಸಣ್ಣ ಕಾರುಗಳಲ್ಲಿ ಹಿಡಿತ ಮೂರು ಕಡೆ. ಟೈಮಿಂಗ್ ಚೈನ್ ಅಥವಾ ಬೆಲ್ಟ್ ಇರುವ ಬದಿಯಲ್ಲಿ ಒಂದು, ಗೇರ್‌ಬಾಕ್ಸ್ ಬದಿಯಲ್ಲಿ ಇನ್ನೊಂದು. ಭಾರ ಹೊರುವುದು ಇವೆರಡೇ. ಕೆಳಗಿನ ಟಾರ್ಕ್ ರಾಡ್ ಭಾರ ಹೊರುವುದಿಲ್ಲ; ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಎಂಜಿನ್ ಹಿಂದಕ್ಕೂ ಮುಂದಕ್ಕೂ ವಾಲದಂತೆ ಹಿಡಿದಿರುತ್ತದೆ. ಕೆಲಸ ಬೇರೆಯಾದ್ದರಿಂದ ಮೂರಕ್ಕೂ ಒಂದೇ ಮದ್ದು ಒಗ್ಗುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, 750 ಆರ್‌ಪಿಎಂ (ನಿಮಿಷಕ್ಕೆ 750 ಸುತ್ತು) ಎಂದರೆ ಸೆಕೆಂಡಿಗೆ 12.5 ಸುತ್ತು. ನಾಲ್ಕು ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಇಂಧನ ಉರಿಸಿ ಹೊಡೆಯುತ್ತದೆ, ಅಂದರೆ ಸೆಕೆಂಡಿಗೆ 25. ಮೂರು ಸಿಲಿಂಡರಿನದು ಒಂದೂವರೆ ಸಲ, ಅಂದರೆ 18.75. ಮೌಂಟಿಂಗ್ ಮೇಲೆ ಕೂತ ಎಂಜಿನ್ನಿಗೂ ತನ್ನದೇ ಒಂದು ತೂಗಾಟದ ವೇಗವಿದೆ. ಅದು ಸೆಕೆಂಡಿಗೆ 10 ಸಲ ಇದೆ ಎಂದಿಟ್ಟುಕೊಳ್ಳಿ. ಡ್ಯಾಂಪಿಂಗ್ (ತೂಗಾಟವನ್ನು ತಗ್ಗಿಸುವ ಗುಣ) ಬದಿಗಿಟ್ಟರೆ, ಮೂರು ಸಿಲಿಂಡರಿನ ಹೊಡೆತದಲ್ಲಿ ಸುಮಾರು ಶೇ 40ರಷ್ಟು ಕಾರಿನ ಮೈಗೆ ದಾಟುತ್ತದೆ, ನಾಲ್ಕರದ್ದರಲ್ಲಿ ಶೇ 19. ಈಗ ಮೌಂಟಿಂಗ್ ಬಿಗಿತ ಎರಡು ಪಟ್ಟು ಮಾಡಿ. ತೂಗಾಟ 14ಕ್ಕೆ ಏರುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಶೇ 47 ದಾಟಿದರೆ, ಮೂರರದ್ದರಲ್ಲಿ ಶೇ 130! ಮೌಂಟಿಂಗ್ ತಡೆಯುವ ಬದಲು ಹೊಡೆತವನ್ನು ಹೆಚ್ಚಿಸಿ ಕಳಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೇರಿಂಗ್ ಜುಮ್ಮೆನ್ನುವುದು, ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗುವುದು ಇದರಿಂದಲೇ. ಎಸಿ ಹಾಕಿದರೆ ಇನ್ನೂ ಜೋರು.

ಗಟ್ಟಿತನ ತೋರಿಸುವ ಶೋರ್ ಎ ಅಳತೆಯಲ್ಲಿ ಕಂಪನಿ ರಬ್ಬರ್ ಸಾಮಾನ್ಯವಾಗಿ 45ರಿಂದ 60ರ ಆಸುಪಾಸಿನದು, ಪಾಲಿಯುರೆಥೇನ್ 70ರಿಂದ 95. ಆದರೆ ಈ ಅಂಕಿಯೊಂದನ್ನೇ ನೋಡಿ ಕೊಳ್ಳಬೇಡಿ, ಆಕಾರವೂ ಲೆಕ್ಕಕ್ಕೆ ಬರುತ್ತದೆ. ರಬ್ಬರಿನ ನಡುವೆ ಕಾಣುವ ಖಾಲಿ ಜಾಗ ರಬ್ಬರ್ ಉಳಿಸಲು ಬಿಟ್ಟದ್ದಲ್ಲ. ಐಡ್ಲಿಂಗಿನ ಸಣ್ಣ ಅಲುಗಾಟಕ್ಕೆ ಅದರಿಂದ ಮೌಂಟಿಂಗ್ ಮೆತ್ತಗಿರುತ್ತದೆ. ದೊಡ್ಡ ಎಳೆತಕ್ಕೆ ಖಾಲಿ ಮುಚ್ಚಿ, ರಬ್ಬರ್ ಗೋಡೆಗೆ ತಾಗಿ ಬಿಗಿಯಾಗುತ್ತದೆ. ಅಲ್ಲಿಗೆ ಯುರೆಥೇನ್ ಸುರಿದು ತುಂಬಿಸಿದರೆ ಆ ಮೆತ್ತನೆಯ ಭಾಗವೇ ಹೋಯಿತು.

ಗೇರ್ ಬದಲಿಸುವಾಗ ಎಂಜಿನ್ ತೊನೆದಾಟ ಕಡಿಮೆಯಾಗಬೇಕೆನ್ನುವವರು ಟಾರ್ಕ್ ರಾಡಿನ ಬುಷ್ (ತುದಿಯ ರಬ್ಬರ್ ಭಾಗ) ಒಂದನ್ನು ಮಾತ್ರ ಶೋರ್ ಎ 70ರ ಆಸುಪಾಸಿನದಕ್ಕೆ ಬದಲಿಸಲಿ. ಲಾಭದ ದೊಡ್ಡ ಪಾಲು ಅಲ್ಲೇ ಸಿಗುತ್ತದೆ, ಸ್ವಲ್ಪ ಅದುರು ಸೇರುತ್ತದೆ. ಬದಿಯ ಎರಡೂ ಕಂಪನಿ ಮಾದರಿಯವೇ ಇರಲಿ. ದ್ರವ ತುಂಬಿದ ಹೈಡ್ರಾಲಿಕ್ ಮೌಂಟಿಂಗ್ ಇದ್ದ ಜಾಗಕ್ಕೆ ಬೋಲ್ಟ್ ಕೂಡುತ್ತದೆಂದು ಬರೀ ರಬ್ಬರಿನದನ್ನು ಹಾಕಿದರೆ, ಹಳ್ಳದ ರಸ್ತೆಯಲ್ಲಿ ಎಂಜಿನ್ ಕುಣಿತ ನಿಲ್ಲುವುದಿಲ್ಲ.

ಮೌಂಟಿಂಗ್ ಹೋಗಿದೆಯೆಂದು ತೀರ್ಮಾನಿಸುವ ಮೊದಲು ಐಡ್ಲಿಂಗ್ ಗಮನಿಸಿ. ಲಯ ತಪ್ಪಿ ತಪ್ಪಿ ಅದುರಿದರೆ ಮೊದಲು ಕಿಡಿ ಕೊಡುವ ಪ್ಲಗ್, ಕಾಯಿಲ್ ನೋಡಬೇಕು. ಒಂದೇ ಸಮನೆ ಅದುರಿ, 1,200 ಆರ್‌ಪಿಎಂಗೆ ಏರಿಸಿದಾಗ ಮಾಯವಾದರೆ ಅನುಮಾನ ಮೌಂಟಿಂಗ್ ಮೇಲೆ. ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಡಿಯಿಂದ (ಮುಂದಕ್ಕೆ) ಆರ್‌ಗೆ (ಹಿಂದಕ್ಕೆ) ಹಾಕಿದಾಗ ‘ಧಡ್’ ಎಂದರೆ ಟಾರ್ಕ್ ರಾಡ್ ನೋಡಿ. ಹೈಡ್ರಾಲಿಕ್ ಮೌಂಟಿಂಗ್ ಒಡೆದರೆ ಕೆಳಗಿನ ಬ್ರಾಕೆಟ್ಟಿನ ಮೇಲೆ ಒದ್ದೆ ಗೆರೆ ಕಾಣುತ್ತದೆ. ಸೈಲೆನ್ಸರ್ ಪೈಪ್ ಕಾರಿನ ಮೈಗೆ ತಾಗಿದ್ದರೂ ಇದೇ ತರದ ಅದುರು ಬರುತ್ತದೆ, ಇದನ್ನು ಯಾರೂ ನೋಡುವುದಿಲ್ಲ.

ಜೋಡಿಸುವಾಗ ಆಗುವ ತಪ್ಪಂತೂ ಇನ್ನೂ ಸಾಮಾನ್ಯ. ಜಾಕನ್ನು ಆಯಿಲ್ ಸಂಪಿಗೆ (ಎಂಜಿನ್ ತಳದ ಆಯಿಲ್ ತಟ್ಟೆಗೆ) ನೇರ ಕೊಡದೆ ಅಗಲವಾದ ಮರದ ಹಲಗೆ ಇಟ್ಟು ಎಂಜಿನ್ ಭಾರ ಹಿಡಿಯಬೇಕು. ಒಂದು ಸಲಕ್ಕೆ ಒಂದೇ ಮೌಂಟಿಂಗ್ ಬಿಚ್ಚಬೇಕು. ಬೋಲ್ಟುಗಳನ್ನು ನಾಲ್ಕೈದು ಸುತ್ತು ಕೈಯಲ್ಲೇ ಹತ್ತಿಸಿ, ಜಾಕ್ ಇಳಿಸಿ, ಎಂಜಿನ್ ತನ್ನ ಭಾರಕ್ಕೆ ತಾನು ಕೂತ ಮೇಲೆ ಹಿಂದೆ ಮುಂದೆ ಅಲ್ಲಾಡಿಸಿ ಬದಿಯವನ್ನು ಬಿಗಿಯಬೇಕು. ಟಾರ್ಕ್ ರಾಡ್ ಎಲ್ಲಕ್ಕಿಂತ ಕೊನೆಗೆ. ಮೊದಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಹೊಸದು ಹಾಕಿದ ದಿನವೇ ಅದುರು ಹೆಚ್ಚಾಯಿತೆಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಬಿಗಿತದ ಅಳತೆ ಆ ಕಾರಿನ ಸರ್ವಿಸ್ ಮ್ಯಾನುಯಲ್ಲಿನದು, ಟಾರ್ಕ್ ವ್ರೆಂಚಿನಲ್ಲಿ. ಕೋನ ಲೆಕ್ಕದಲ್ಲಿ ಬಿಗಿಯುವ ಬೋಲ್ಟಿದ್ದರೆ ಹೊಸದೇ ಬೇಕು.

ಮೇಲಿನ ವಾಲ್ವ್ ಕವರಿನಿಂದ ಆಯಿಲ್ ಜಿನುಗುತ್ತಿದ್ದರೆ ಮೊದಲು ಆ ಗ್ಯಾಸ್ಕೆಟ್ ಬದಲಿಸಿ. ಸಹಜ ರಬ್ಬರ್ ಆಯಿಲ್ ಕುಡಿದು ಊದಿ ಮೆತ್ತಗಾಗುತ್ತದೆ. ಸೋರಿಕೆ ಹಾಗೇ ಬಿಟ್ಟು ಹಾಕಿದ ಹೊಸ ಮೌಂಟಿಂಗ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಇಂತಿ,
ಒಬ್ಬ ವಾಹನ ತಂತ್ರಜ್ಞ