ಕೊನೆಯ ಸುತ್ತು ಮುಗಿಸಿ

ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ 33 ವರ್ಷ ತಿರುಗಿ ಕಳೆದ ವಾರ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ ಮಾತನಾಡಿ ಎಂದರು, ಗಂಟಲು ಕಟ್ಟಿತು. ಅಲ್ಲಿ ಹೇಳದೆ ಉಳಿದದ್ದು ಇದು.

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶಿಸಿದ್ದು, ದೇಶದ ಕುಟುಂಬ ಯೋಜನೆ 1952ರಲ್ಲಿ ಶುರುವಾದದ್ದು, ಎಲ್ಲವನ್ನೂ ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದೆ. ಓಣಿಗೆ ಇಳಿದಾಗ ಅದೊಂದೂ ಉಪಯೋಗಕ್ಕೆ ಬರಲಿಲ್ಲ. ಮಾರ್ಚ್ ಬಂತೆಂದರೆ ಸಂತಾನಹರಣ ಆಪರೇಷನ್ ಗುರಿ ಮುಟ್ಟಿಸುವ ಓಡಾಟ. ನನ್ನ ಚೀಲ ಕಂಡರೆ ಅಗುಳಿ ಬೀಳುತ್ತಿತ್ತು. 1996ರಲ್ಲಿ ಸರ್ಕಾರ ಗುರಿ ಪದ್ಧತಿ ಕೈಬಿಟ್ಟ ಮೇಲೆಯೇ 'ನಿನಗೇನು ಬೇಕು ತಂಗಿ' ಎಂದು ಕೇಳಲು ಕಲಿತೆ.

ಮೊದಲ ನಮಸ್ಕಾರ ಒಬ್ಬ ಅತ್ತೆಗೆ. ಸೊಸೆ ಅರಿಶಿನದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಮಾಲಾ-ಎನ್ ಗರ್ಭನಿರೋಧಕ ಗುಳಿಗೆಯ ಪಟ್ಟಿಯನ್ನು, ಹಳದಿ ಮೆತ್ತಿದ ಹಾಗೆಯೇ, ಅಂಗನವಾಡಿಗೆ ತಂದು ನನ್ನ ಮುಂದೆ ಹಿಡಿದರು. ಜಗಳವೇ ಎಂದುಕೊಂಡೆ. 'ಗುಳಿಗೆ ಬಿಟ್ಟ ಮೇಲೆ ಮಗು ಆಗುತ್ತದೆಯೇ? ಅಷ್ಟು ಹೇಳು' ಎಂದರು. ಆಗುತ್ತದೆ ಎಂದೆ. ಅವರು ಎಲ್ಲರೆದುರು ಕೇಳಿದ್ದರಿಂದ ಉಳಿದವರಿಗೂ ಉತ್ತರ ಸಿಕ್ಕಿತು. ಮರುವಾರ ಕಾಪರ್-ಟಿ ಎಂದರೇನು ಎಂದು ಮೂವರು ಬಂದರು.

ಇನ್ನು, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ ಆ ಹಮಾಲಿ ಅಣ್ಣ. 'ಭಾರ ಎತ್ತಲು ಆಗುತ್ತದೆಯೇ, ನರ್ಸಬಾಯಿ?' ಎಂದು ನಾಲ್ಕು ಸಲ ಕೇಳಿ, ಗಂಡಸರ ಹೊಲಿಗೆಯಿಲ್ಲದ ಸಂತಾನಹರಣ ಆಪರೇಷನ್ ಮಾಡಿಸಿಕೊಂಡರು. ಮೂರು ತಿಂಗಳು ನಿರೋಧ್ ಬಳಸಲೇಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಇದನ್ನು ಒತ್ತಿ ಹೇಳಲು ನಾನು ಮರೆತೆ. ಹೆಂಡತಿ ಬಸಿರಾದರು. ಊರಿನ ನಾಲಿಗೆ ಆಕೆಯ ಮೇಲೆ ತಿರುಗಿತು. ಆ ಅಣ್ಣ ಚಹಾದಂಗಡಿಯ ಮುಂದೆ ನಿಂತು, 'ಮಗು ನನ್ನದು. ಆಪರೇಷನ್ ಆದ ಕೂಡಲೇ ಎಲ್ಲ ನಿಲ್ಲುವುದಿಲ್ಲವಂತೆ, ನೀವೂ ತಿಳಿದುಕೊಳ್ಳಿ' ಎಂದರು. ನನ್ನ ಹೆಸರು ಎತ್ತಲಿಲ್ಲ. ಮನೆಗೆ ಹೋಗಿ ತಪ್ಪೊಪ್ಪಿಕೊಂಡಾಗ ಅತ್ತಿಗೆ ಒಂದು ಮಾತೂ ಆಡದೆ ಚಹಾ ಇಟ್ಟರು. ಆ ಚಹಾ ಕುಡಿಯಲು ಪಟ್ಟ ಕಷ್ಟ ನನಗೇ ಗೊತ್ತು. ಈಗ ಕಾಲೇಜಿಗೆ ಹೋಗುವ ಅವರ ಮಗಳು ಬೀಳ್ಕೊಡುಗೆಗೂ ಬಂದಿದ್ದಳು.

ಅಂಥ ಗಂಡಸರು ನನ್ನ ಪಾಲಿಗೆ ಬೆರಳೆಣಿಕೆಯಷ್ಟು. 2019-20ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ಆಪರೇಷನ್ ಆದವರು. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಈ ಸಿಟ್ಟು ನಿವೃತ್ತಿಯಾದರೂ ಇಳಿದಿಲ್ಲ.

ಮಳೆಯಲ್ಲಿ ಜೊತೆ ನಡೆದ ಆಶಾ ತಂಗಿಯರಿಗೆ, ರಾತ್ರಿ ಹೆರಿಗೆಗೆ ಹೊರಟಾಗ ಸೈಕಲ್ ಹಿಂದೆ ಕೂರಿಸಿಕೊಂಡು ಹೋದ ನನ್ನ ಮನೆಯವರಿಗೆ ಶರಣು.

ಚೀಲದಲ್ಲಿ ಉಳಿದಿದ್ದ ಮಾತ್ರೆ, ನಿರೋಧ್, ಅಂತರಾ ಗರ್ಭನಿರೋಧಕ ಚುಚ್ಚುಮದ್ದಿನ ಕಾರ್ಡುಗಳನ್ನು ಹೊಸ ಹುಡುಗಿಗೆ ಲೆಕ್ಕ ಒಪ್ಪಿಸಿ ಸಹಿ ಹಾಕಿಸಿಕೊಂಡಿದ್ದೇನೆ. 'ಮೂರು ತಿಂಗಳು' ಎಂದು ಅವಳ ಡೈರಿಯ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಸಿದ್ದೇನೆ. ಸೋಮವಾರ ನಿಮ್ಮ ಓಣಿಗೆ ಬರುತ್ತಾಳೆ.