ವರ್ಷಕ್ಕೊಂದು ಬಣ್ಣ ಆದರೆ ನಮ್ಮ ತಂಡ ಯಾವುದು ಅಂತ ಗೊತ್ತಾಗೋದು ಹೇಗೆ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಅಂತರ ಕಾಲೇಜು ಫುಟ್‌ಬಾಲ್ ಪಂದ್ಯದ ಫೋಟೊ ಬಂದಿತ್ತಲ್ವಾ, ಅದರಲ್ಲಿದ್ದದ್ದು ನಾನು ಓದಿದ ಕಾಲೇಜಿನ ತಂಡ. ಕೆಳಗೆ ಹೆಸರು ಓದಿದ ಮೇಲೇ ನನಗೆ ಅದು ಗೊತ್ತಾಗಿದ್ದು. ಕಪ್ಪು ಜೆರ್ಸಿ, ಮೇಲೆ ಗಿಳಿ ಹಸಿರು ಪಟ್ಟೆ, ಎದೆ ತುಂಬಾ ಯಾವುದೋ ಕೋಚಿಂಗ್ ಸೆಂಟರ್ ಹೆಸರು. ಹೋದ ವರ್ಷ ಕಿತ್ತಳೆ ಇತ್ತು, ಅದರ ಹಿಂದಿನ ವರ್ಷ ಆಕಾಶ ನೀಲಿ.

ನಾನು ಆಡಿದ್ದು 1996ರಿಂದ 1999ರವರೆಗೆ. ಆಗ ನಮ್ಮದು ಮೆರೂನ್ ಅಂಗಿ, ಬಿಳಿ ಚಡ್ಡಿ. ಬಹಳ ಚೆನ್ನಾಗಿತ್ತು ಅಂತ ಸುಳ್ಳು ಹೇಳುವುದಿಲ್ಲ. ದಪ್ಪ ಹತ್ತಿ ಬಟ್ಟೆ, ಮೇಲೆ ಕಾಲರ್ ಬೇರೆ, ಅರ್ಧ ಆಟ ಮುಗಿಯುವುದರೊಳಗೆ ಬೆವರು ಕುಡಿದು ಒದ್ದೆ ಗೋಣಿಚೀಲದ ಹಾಗೆ ಮೈಗೆ ಜೋತುಬೀಳುತ್ತಿತ್ತು. ಮೊದಲ ಸಲ ಎಲ್ಲ ಒಟ್ಟಿಗೆ ನೆನೆಹಾಕಿದಾಗ ಬಣ್ಣ ಬಿಟ್ಟು, ಆ ವರ್ಷವಿಡೀ ಗುಲಾಬಿ ಚಡ್ಡಿಯಲ್ಲೇ ಆಡಿದೆವು. ಅಂಗಿ ಕಾಲೇಜಿನದು, ಸೀನಿಯರ್ ಬಿಟ್ಟುಹೋದ ಮೇಲೆ ಜೂನಿಯರ್‌ಗೆ. ನನ್ನ ಪಾಲಿಗೆ ಬಂದ ಅಂಗಿಯ ಬೆನ್ನಿಗೆ ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದ 7 ನಂಬರ್ ಇತ್ತು, ಅದರ ಮೂಲೆ ಬಿಚ್ಚಿಕೊಂಡಿತ್ತು. ಮನೆಯಲ್ಲಿ ಬಿಳಿ ದಾರ ಇಲ್ಲ ಅಂತ ಅವ್ವ ಕಪ್ಪು ದಾರದಲ್ಲೇ ಹೊಲಿದು ಕೊಟ್ಟಳು. ಮೂರು ವರ್ಷ ಅದೇ. ಆದರೆ ಮೈದಾನದ ಹೊರಗೆ ಚಹಾ ಮಾರುವವರೂ ದೂರದಿಂದಲೇ "ಮೆರೂನ್‌ನವ್ರು ಬಂದ್ರು ನೋಡ್ರೀ" ಅನ್ನುತ್ತಿದ್ದರು.

ಈಗಿನ ಬಟ್ಟೆಯ ಬಗ್ಗೆ ನನ್ನ ತಕರಾರಿಲ್ಲ. ಪಾಲಿಯೆಸ್ಟರ್ ಹಗುರ, ಬೇಗ ಒಣಗುತ್ತದೆ. ಸಬ್ಲಿಮೇಶನ್ ಪ್ರಿಂಟ್‌ನಲ್ಲಿ ಬಿಸಿಗೆ ಬಣ್ಣ ಆವಿಯಾಗಿ ನೂಲಿನೊಳಗೇ ಇಳಿಯುತ್ತದೆ, ಸ್ಟಿಕರ್ ಹಾಗೆ ಕಿತ್ತು ಬರುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಯಾವ ಬಣ್ಣ ಬೇಕಾದರೂ ಹಾಕಬಹುದು ಅಂತಾದ ಮೇಲೆ ದುಡ್ಡು ಕೊಟ್ಟವರ ಬಣ್ಣವೇ ತಂಡದ ಬಣ್ಣ ಆಗಿಬಿಟ್ಟಿದೆ, ಮುಂದಿನ ವರ್ಷ ಕೊಡುವವರು ಬೇರೆಯಾದರೆ ಬಣ್ಣವೂ ಬೇರೆ, ಹಳೆಯ ಸೆಟ್ ಕ್ರೀಡಾ ಕೊಠಡಿಯ ಮೂಲೆಗೆ. ಅದೂ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಕಪ್ಪು! ಒಂದು ಸಲ ಹಾಕಿಕೊಂಡು ಓಡಿ ನೋಡಲಿ ಆರಿಸಿದವರು.

ನನ್ನ ಅಣ್ಣನ ಮಗ ಈಗ ಅದೇ ತಂಡದಲ್ಲಿದ್ದಾನೆ. ಆಕಾಶ ನೀಲಿಯ ವರ್ಷ ಎದುರಾಳಿಗಳೂ ನೀಲಿಯಲ್ಲೇ ಬಂದರು. ಎರಡು ತಂಡಗಳ ಬಣ್ಣ ಬೇರೆ ಇರಲೇಬೇಕು ಅಂತ ಫುಟ್‌ಬಾಲಿನ 4ನೇ ನಿಯಮದಲ್ಲೇ ಇದೆ, ರೆಫರಿ ಬಿಡಲಿಲ್ಲ. ಇನ್ನೊಂದು ಸೆಟ್ ಯಾರ ಹತ್ತಿರವೂ ಇಲ್ಲ. ಕೊನೆಗೆ ನಮ್ಮ ಹುಡುಗರು ಬಿಳಿ ಬನಿಯನ್‌ನಲ್ಲೇ ಇಳಿದರು, ಬೆನ್ನಿಗೆ ಮಾರ್ಕರ್‌ನಲ್ಲಿ ನಂಬರ್. ಹತ್ತು ನಿಮಿಷಕ್ಕೆ ಬೆವರಿಗೆ ಶಾಯಿ ಹರಡಿ 3 ಯಾವುದು 8 ಯಾವುದು ತಿಳಿಯದೆ, ಒಬ್ಬ ಮಾಡಿದ ತಪ್ಪಿಗೆ ಇನ್ನೊಬ್ಬನಿಗೆ ಹಳದಿ ಕಾರ್ಡ್. ಆ ಇನ್ನೊಬ್ಬ ನನ್ನ ಅಣ್ಣನ ಮಗನೇ.

ಬಣ್ಣ ಬದಲಿಸಲೇಬಾರದು ಅಂತಲ್ಲ. ಬ್ರೆಜಿಲ್‌ನವರೂ ಬದಲಿಸಿದ್ದಾರೆ. 1950ರ ವಿಶ್ವಕಪ್‌ನಲ್ಲಿ ಊರಲ್ಲೇ ಉರುಗ್ವೆಗೆ ಸೋತ ಮೇಲೆ ಬಿಳಿ ಅಂಗಿ ಬೇಡ ಅಂದರು. 1953ರಲ್ಲಿ ಒಂದು ದಿನಪತ್ರಿಕೆ ಸ್ಪರ್ಧೆ ಇಟ್ಟಿತು, ಬಾವುಟದ ನಾಲ್ಕೂ ಬಣ್ಣ ಇರಬೇಕು ಅನ್ನುವುದೇ ಷರತ್ತು. ಗೆದ್ದದ್ದು ಅಲ್ದಿರ್ ಶ್ಲೀ ಅನ್ನುವ, ಇಪ್ಪತ್ತು ತುಂಬದ ಹುಡುಗ. ಹಳದಿ ಅಂಗಿ, ಹಸಿರು ಅಂಚು, ನೀಲಿ ಚಡ್ಡಿ, ಬಿಳಿ ಸಾಕ್ಸ್. ಅವತ್ತಿಂದ ಬಟ್ಟೆ ಬದಲಾಗಿದೆ, ಕಾಲರ್ ಬಂದು ಹೋಗಿದೆ, ಹಳದಿ ಹೋಗಿಲ್ಲ.

ನಮ್ಮ ಕಾಲೇಜುಗಳೂ ಒಂದೊಂದು ಬಣ್ಣ ಗಟ್ಟಿ ಮಾಡಿಕೊಳ್ಳಲಿ, ಜೊತೆಗೆ ಒಂದು ಬಿಳಿ ಸೆಟ್ ಇಟ್ಟುಕೊಳ್ಳಲಿ. ದುಡ್ಡು ಕೊಟ್ಟವರ ಹೆಸರು ತೋಳಿನ ಮೇಲೆ ಬರಲಿ, ಯಾರು ಬೇಡ ಅಂತಾರೆ? ನೀವೂ ಅಂಥದೊಂದು ಸ್ಪರ್ಧೆ ಇಡಿ. ಮೊದಲ ಚಿತ್ರ ನಮ್ಮ ಮನೆಯಿಂದಲೇ ಬರುತ್ತದೆ, ಅಣ್ಣನ ಮಗ ಆಗಲೇ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದಿಟ್ಟಿದ್ದಾನೆ.

– ಒಬ್ಬ ಹಳೆಯ ಆಟಗಾರ, ಕಲಬುರಗಿ