ಅಪ್ಪನ ಹತ್ತು ಸಾವಿರ ಹೆಜ್ಜೆ

ನಿಶಿ ಕಸಾಯ್, ಟೋಕಿಯೊ
ಭಾನುವಾರ

ಅಮ್ಮಾ, ಅಪ್ಪಾ,

ಇಬ್ಬರಿಗೂ ನಮಸ್ಕಾರ. ನಾವು ಮೂರೂ ಜನ ಆರಾಮ. ಪ್ರಸಾದ್ ಕೈಲಿ ಕಳಿಸಿದ ಚಟ್ನಿಪುಡಿ, ಹುರಿಗಾಳು, ಸಂಡಿಗೆ ಎಲ್ಲ ಬಂತು. ಸಂಡಿಗೆ ಅರ್ಧಕ್ಕರ್ಧ ಪುಡಿ. ಪರವಾಗಿಲ್ಲ, ವಿದ್ಯಾ ಆ ಚೂರನ್ನೇ ಕರಿದು ಮೊಸರನ್ನಕ್ಕೆ ಹಾಕ್ತಿದ್ದಾಳೆ.

ಚಟ್ನಿಪುಡಿ ಡಬ್ಬದ ಕೆಳಗೆ ಮಡಚಿಟ್ಟಿದ್ದ ನಿನ್ನ ಕಾಗದವೂ ಸಿಕ್ಕಿತು ಅಮ್ಮ. ಫೋನಿನಲ್ಲಿ ಹೇಳೋಣ ಅಂದ್ರೆ ನಿಮ್ಮಪ್ಪ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂತಿರ್ತಾರೆ ಅಂತ ಬರೆದಿದ್ದೀಯ. ಅದು ನಿಜ. ಆದರೆ ಈ ಪತ್ರ ಅಪ್ಪನೂ ಓದಲಿ, ಅಡಗಿಸಿಡಬೇಡ.

ಮೊದಲು ನನ್ನ ವಿಷಯ ಮುಗಿಸಿಬಿಡ್ತೀನಿ. ಫೋಟೋದಲ್ಲಿ ಕೆನ್ನೆ ಒಳಗೆ ಹೋಗಿದೆ, ಕತ್ತು ಕೊಕ್ಕರೆ ಥರ ಕಾಣುತ್ತೆ, ಏನೋ ಕಾಯಿಲೆ ಮುಚ್ಚಿಡ್ತಿದ್ದೀಯ ಅಂತ ಬರೆದಿದ್ದೀಯಲ್ಲ, ಯಾವ ಕಾಯಿಲೆಯೂ ಇಲ್ಲ ಕಣಮ್ಮ. ರಕ್ತ, ಬಿಪಿ, ಎದೆ ಎಕ್ಸ್‌ರೇ, ಕಣ್ಣು, ಕಿವಿ ಎಲ್ಲ ನೋಡಿದ್ದಾರೆ. ಎಲ್ಲಾ ನಾರ್ಮಲ್. ಬೇಕಾದ್ರೆ ರಿಪೋರ್ಟು ಕಳಿಸ್ತೀನಿ, ಪೂರ್ತಿ ಜಪಾನಿ ಭಾಷೆಯಲ್ಲಿದೆ. ಐದಾರು ಕಿಲೋ ಇಳಿದಿದ್ದೇನೆ, ಅಷ್ಟೇ. ಬೇಕು ಅಂತಲೇ ಇಳಿಸಿದ್ದು.

ಇಲ್ಲಿ ವರ್ಷಕ್ಕೊಂದು ಸಲ ಆರೋಗ್ಯ ತಪಾಸಣೆ ಮಾಡಿಸಿಕೊಳ್ಳಲೇಬೇಕು, ಆಫೀಸಿನವರೇ ದಿನ ಗೊತ್ತು ಮಾಡ್ತಾರೆ. ನಲವತ್ತು ದಾಟಿದವರಿಗೆ ಸೊಂಟದ ಅಳತೆಯೂ ಉಂಟು. 2008ರಿಂದ ಸರ್ಕಾರವೇ ತಂದ ನಿಯಮ, 40ರಿಂದ 74 ವರ್ಷದವರೆಗೆ. ನರ್ಸಮ್ಮ ಬಂದು ಅಂಗಿ ಎತ್ತಿ ಅಂತಾರೆ, ಹೊಕ್ಕಳ ಮೇಲೆ ಟೇಪು ಸುತ್ತುತ್ತಾರೆ. ನಾನು ಉಸಿರು ಎಳೆದುಕೊಂಡು ನಿಂತೆ. ಆಕೆ ಟೇಪು ಹಿಡಿದುಕೊಂಡೇ ನಗ್ತಾ ಕಾದರು, ನಾನು ಉಸಿರು ಬಿಡೋವರೆಗೂ. ಗಂಡಸರಿಗೆ 85 ಸೆಂಟಿಮೀಟರ್ ಮಿತಿ, ಹೆಂಗಸರಿಗೆ 90. ನಮ್ಮಲ್ಲಿ ಡಾಕ್ಟರು ಗಂಡಸರಿಗೆ 90, ಹೆಂಗಸರಿಗೆ 80 ಅಂತಾರೆ, ಇಲ್ಲಿ ತಿರುಗಾಮುರುಗಾ. ವಿದ್ಯಾಗೆ ಖುಷಿಯೋ ಖುಷಿ. ನನ್ನ ಹೆಸರು ಮಾತ್ರ 'ಮೆಟಾಬೊ' ಪಟ್ಟಿಗೆ ಹೋಯ್ತು. ಇಲ್ಲಿ ಹೊಟ್ಟೆ ಬಂದವರನ್ನು ಹಾಗೇ ಕರೀತಾರೆ, ತಮಾಷೆಗೂ ಕರೀತಾರೆ.

ಆಮೇಲೆ ಒಬ್ಬ ಡಯಟಿಷಿಯನ್ ವಿಡಿಯೋ ಕಾಲ್‌ನಲ್ಲಿ ಬಂದರು. ಬೈತಾರೆ ಅಂದುಕೊಂಡಿದ್ದೆ. 2 ಕಿಲೋ ತೂಕ, 2 ಸೆಂಟಿಮೀಟರ್ ಸೊಂಟ, ಇಷ್ಟು ಇಳಿದರೆ ಸಾಕು ಅಂದರು. ಅದೇ ಇಲ್ಲಿನ ಸರ್ಕಾರಿ ಗುರಿಯಂತೆ! ಜಿಮ್ಮು ಗಿಮ್ಮು ಅಂತ ಒಂದು ಮಾತೂ ಆಡಲಿಲ್ಲ. ದಿನಾ ಏನು ಕುಡೀತೀರಿ ಅಂತ ಕೇಳಿದರು. ಆಫೀಸಿನ ಮೆಷಿನ್ನಿನಲ್ಲಿ ಸಿಗೋ ಸಿಹಿ ಕಾಫಿ ಡಬ್ಬ, ದಿನಕ್ಕೆ ಮೂರು. ಅದನ್ನು ಬಿಟ್ಟು ಸಕ್ಕರೆ ಇಲ್ಲದ ಟೀ ಹಿಡಿದೆ. ರಾತ್ರಿ ಹನ್ನೊಂದಕ್ಕೆ ನೂಡಲ್ಸ್ ಮಾಡಿಕೊಳ್ಳೋದು ನಿಲ್ಲಿಸಿದೆ. ನಡೆಯೋದಕ್ಕೆ ಮನೆಗಿಂತ ಒಂದು ಸ್ಟೇಷನ್ ಮೊದಲೇ ಇಳೀರಿ ಅಂದರು. ನಮ್ಮ ಮೊದಲಿನ ಸ್ಟೇಷನ್ ದೊಡ್ಡ ಹೊಳೆಯ ಆಚೆ ದಡದಲ್ಲಿದೆ. ಅದಕ್ಕೇ ಒಂದು ಸ್ಟೇಷನ್ ಮುಂದೆ ಹೋಗಿ, ಇಳಿದು, ವಾಪಸ್ಸು ನಡೆದು ಮನೆ ಸೇರ್ತೀನಿ. ಪುಟ್ಟಿಗೆ ಇದು ಜೋಕು. ಅಪ್ಪಂಗೆ ನಿದ್ದೆ ಬಂದು ಸ್ಟೇಷನ್ ಮಿಸ್ ಆಗುತ್ತೆ ಅಂತ ಸ್ಕೂಲಲ್ಲಿ ಹೇಳಿದ್ದಾಳಂತೆ.

ಇಷ್ಟೇ ಅಮ್ಮ. ನಾನು ಉಪವಾಸ ಇಲ್ಲ, ಅನ್ನ ಬಿಟ್ಟಿಲ್ಲ, ವಿದ್ಯಾ ಚೆನ್ನಾಗಿ ಹಾಕ್ತಾಳೆ. ಪ್ಯಾಂಟು ಸಡಿಲ ಆಗಿದೆ ಬಿಟ್ಟರೆ ಯಾವ ತೊಂದರೆಯೂ ಇಲ್ಲ. ನಿಜವಾಗ್ಲೂ ಇಲ್ಲ. ಸುಮ್ನೆ ದೇವರಿಗೆ ಹರಕೆ ಹೊತ್ಕೋಬೇಡ.

ಈಗ ಅಪ್ಪನ ವಿಷಯ.

ನಿನ್ನ ಕಾಗದ ಓದಿದ ರಾತ್ರಿಯೇ ಸುಮಂಗೆ ಫೋನ್ ಮಾಡಿದೆ. ನೀನು ಬರೆದದ್ದಕ್ಕಿಂತ ಜಾಸ್ತಿ ಅವಳು ಹೇಳಿದಳು. ರಾತ್ರಿ ಹತ್ತೂವರೆಗೆ ವಾಚು ನೋಡಿ, ದಿನದ ಹತ್ತು ಸಾವಿರಕ್ಕೆ ಇನ್ನೂ ಎಂಟು ನೂರು ಹೆಜ್ಜೆ ಬಾಕಿ ಅಂತ ಊಟದ ಟೇಬಲ್ ಸುತ್ತ ಪ್ರದಕ್ಷಿಣೆ ಹಾಕ್ತಾರಂತೆ. ಗೋಡೆ ಹಿಡಿದುಕೊಂಡು, ಮಂಡಿಗೆ ಬೆಲ್ಟ್ ಕಟ್ಟಿಕೊಂಡು. ದಿನಾ ಎಷ್ಟು ನಡೆದೆ ಅಂತ ಹಳೇ ರೈಲ್ವೆ ಡೈರಿಯಲ್ಲಿ ಕೆಂಪು ಇಂಕಲ್ಲಿ ಬರೆದಿಡ್ತಾರಂತೆ. ರಾಜಣ್ಣ ಮಾವ ವಾಟ್ಸಾಪಲ್ಲಿ ಕಳಿಸಿದ ಹದಿನಾರು ಗಂಟೆ ಉಪವಾಸ ಬೇರೆ, ರಾತ್ರಿ ಊಟ ಬಂದ್. ಹಾಗಿದ್ದೋರು ನಾಗತ್ತೆ ಮನೆ ಗೃಹಪ್ರವೇಶದಲ್ಲಿ ಎರಡು ಹೋಳಿಗೆ ತುಪ್ಪ ಹಾಕಿಸಿಕೊಂಡು ತಿಂದಿದ್ದಾರೆ, ವಾಚು ನಾನ್ನೂರು ಕ್ಯಾಲೊರಿ ಸುಟ್ಟಿದೆ ಅಂತ ತೋರಿಸ್ತು ಅನ್ನೋ ಧೈರ್ಯದ ಮೇಲೆ. ಕೊನೆಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕಣ್ಣು ಕತ್ತಲೆ ಬಂದು ಕೂತಿದ್ದು. ಅದನ್ನು ಮಗನಿಗೆ ಹೇಳಬೇಡ ಅಂತ ನಿನಗೆ ಆಣೆ!

ಆ ದರಿದ್ರ ವಾಚು ಬಂದ ಮೇಲೇ ಹೀಗಾಯ್ತು, ವಾಪಸ್ ತಗೊಂಡು ಹೋಗು ಅಂತ ಬರೆದಿದ್ದೀಯ. ವಾಚಿನ ಮೇಲೆ ಯಾಕಮ್ಮ ಸಿಟ್ಟು? ವಾಚು ಬರೋಕೆ ಮುಂಚೆ ಅಪ್ಪ ಮೂಲೆ ಅಂಗಡಿಗೂ ಸ್ಕೂಟರ್ ತೆಗೀತಿದ್ರು. ಈಗ ನಡೀತಿದ್ದಾರೆ. 86 ಕಿಲೋ ಇದ್ದೋರು 81ಕ್ಕೆ ಬಂದಿದ್ದಾರೆ. ಅದು ಒಳ್ಳೇದೇ. ವಾಚನ್ನು ಬೀರುವಲ್ಲಿಟ್ಟು ಬೀಗ ಹಾಕಿದರೆ ಸ್ಕೂಟರ್ ಮತ್ತೆ ಹೊರಗೆ ಬರುತ್ತೆ, ನೋಡ್ತಿರು.

ಅಪ್ಪ, ಇಲ್ಲಿಂದ ಮುಂದೆ ನಿಮಗೆ. ಪತ್ರ ಆದರೆ ನೀವು ಎರಡು ಸಲ ಓದ್ತೀರಿ. ಫೋನಾದರೆ 'ಆಯ್ತು ಆಯ್ತು' ಅಂತ ಅಮ್ಮನ ಕೈಗೆ ಕೊಟ್ಟುಬಿಡ್ತೀರಿ.

ಕೆರೆ ಹತ್ತಿರ ಆದದ್ದು ಬಿಸಿಲಿಗೆ ಅಂತ ಸುಮಂಗೆ ಹೇಳಿದಿರಂತೆ. ಬೆಳಿಗ್ಗೆ ಆರೂವರೆಗೆ ಎಂಥ ಬಿಸಿಲು? ಬೆವರಿದೆ, ಕೈ ನಡುಗಿತು, ಯಾರೋ ಪುಣ್ಯಾತ್ಮರು ಚಾಕಲೇಟು ಕೊಟ್ಟರು, ಕಾಲು ಗಂಟೆಯಲ್ಲಿ ಸರಿಹೋಯ್ತು. ಇಷ್ಟು ಕೇಳಿದರೆ ಯಾರಿಗಾದ್ರೂ ಮೊದಲು ಬರೋ ಅನುಮಾನ ಸಕ್ಕರೆ ಇಳಿದಿದ್ದು ಅಂತ. ಸುಮ ನಿಮ್ಮ ಶುಗರ್ ಮಾತ್ರೆಯ ಫೋಟೋ ಕಳಿಸಿದಳು. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಎರಡು ಹೆಸರಿದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಹೀಗೆ ಕುಸಿಯೋದು ಕಮ್ಮಿ. ಗ್ಲಿಮೆಪಿರೈಡ್ ಹಾಗಲ್ಲ. ನೀವು ಉಂಡಿದ್ದೀರೋ ಇಲ್ವೋ ಅಂತ ಅದು ಕೇಳೋದಿಲ್ಲ. ಹೊಟ್ಟೆಗೆ ಹೋದ ಮೇಲೆ ಇನ್ಸುಲಿನ್ ಹೊರಡಿಸೋದು ಅದರ ಕೆಲಸ, ಅದು ಮಾಡೇ ಮಾಡುತ್ತೆ. ನೀವು ರಾತ್ರಿ ಊಟ ಬಿಟ್ಟಿದ್ದೀರಿ. ಬೆಳಿಗ್ಗೆ ಮಾತ್ರೆ ನುಂಗಿ, ಸಕ್ಕರೆ ಇಲ್ಲದ ಕಾಫಿ ಕುಡಿದು, ಕೆರೆ ಸುತ್ತೋಕೆ ಹೊರಡ್ತೀರಿ. ಇದ್ದಬದ್ದ ಸಕ್ಕರೆಯನ್ನೂ ಕಾಲು ತಿಂದುಹಾಕುತ್ತೆ. ರಾಜಣ್ಣ ಮಾವಂಗೆ ಶುಗರ್ ಇಲ್ಲ, ಅವರು ಹದಿನಾರು ಗಂಟೆಯಾದ್ರೂ ಇರಲಿ, ಇಪ್ಪತ್ತಾದ್ರೂ ಇರಲಿ. ನಿಮ್ಮ ಲೆಕ್ಕ ಬೇರೆ.

ಅದಕ್ಕೆ ಅಂತ ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಅರ್ಧ ಮುರಿದೂ ನುಂಗಬೇಡಿ. ತೂಕ ಇಳಿದಾಗ, ಊಟದ ಹೊತ್ತು ಬದಲಾದಾಗ ಮಾತ್ರೆಯನ್ನೂ ಬದಲಾಯಿಸಬೇಕಾಗುತ್ತೆ, ಅದನ್ನು ಡಾಕ್ಟರೇ ಹೇಳಬೇಕು. ಗುರುವಾರ ಸುಮ ಅಪಾಯಿಂಟ್‌ಮೆಂಟ್ ತಗೊಂಡಿದ್ದಾಳೆ. ಉಪವಾಸದ ವಿಷಯವನ್ನೂ ಹೇಳಿ, ತಲೆ ಸುತ್ತಿದ್ದನ್ನೂ ಹೇಳಿ. 'ಎಲ್ಲಾ ಚೆನ್ನಾಗಿದೆ ಸಾರ್' ಅಂತ ಎದ್ದು ಬರಬೇಡಿ. ಅಲ್ಲಿವರೆಗೆ ರಾತ್ರಿ ಊಟ ಮಾಡಿ, ಬೆಳಿಗ್ಗೆ ಎರಡು ಇಡ್ಲಿಯಾದ್ರೂ ತಿಂದು ಹೊರಡಿ.

ವರ್ಕ್‌ಶಾಪಿನಲ್ಲಿ ಒಂದು ಗೇಜಿನ ಮೇಲೆ ಅನುಮಾನ ಬಂದರೆ ಇನ್ನೊಂದು ಹಾಕಿ ನೋಡ್ತಿದ್ರಿ ಅಲ್ವಾ? ಹಾಗೇ ಬೆರಳು ಚುಚ್ಚೋ ಮೀಟರನ್ನೂ ಬಳಸಿ, ಬೀರುವಲ್ಲಿ ಹೊಸದಾಗೇ ಕೂತಿದೆ. ನಿಮ್ಮ ವಾಚು ಹೆಜ್ಜೆ ಎಣಿಸುತ್ತೆ, ನಾಡಿ ನೋಡುತ್ತೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ಅದಕ್ಕೆ ಗೊತ್ತಾಗಲ್ಲ. 70ಕ್ಕಿಂತ ಕೆಳಗಿದ್ದರೆ ನಡಿಗೆ ಕ್ಯಾನ್ಸಲ್. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಿ. ಜೇಬಲ್ಲಿ ಗ್ಲೂಕೋಸ್ ಪುಡಿ ಇಲ್ಲದೆ ಗೇಟು ದಾಟಬೇಡಿ.

ಇನ್ನು ನಿಮ್ಮ ಹತ್ತು ಸಾವಿರ. ಇದು ಹುಟ್ಟಿದ್ದೇ ಈ ಊರಲ್ಲಿ, ಗೊತ್ತಾ? 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಆಯ್ತು, ಜನಕ್ಕೆಲ್ಲ ವ್ಯಾಯಾಮದ ಹುಚ್ಚು ಹಿಡೀತು. ಮಾರನೇ ವರ್ಷ ಇಲ್ಲಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳೋ ಹೆಜ್ಜೆ ಮೀಟರ್ ಮಾರೋಕೆ ಶುರು ಮಾಡ್ತು. ಅದರ ಹೆಸರೇ 'ಮಾನ್‌ಪೊ ಕೇ', ಹತ್ತು ಸಾವಿರ ಹೆಜ್ಜೆಯ ಮೀಟರ್. ಗುಂಡು ಸಂಖ್ಯೆ, ಬಾಯಲ್ಲಿ ನಿಲ್ತು, ಲೋಕವೆಲ್ಲ ಸುತ್ತಿ ಈಗ ನಿಮ್ಮ ಕೈಗೆ ಬಂದಿದೆ. ಎಪ್ಪತ್ತು ದಾಟಿದವರನ್ನು ಪರೀಕ್ಷಿಸಿ ಇಟ್ಟ ಅಂಕಿ ಅಲ್ಲ ಅದು. ಹಾಗೆ ಪರೀಕ್ಷಿಸಿದ್ದು 2019ರಲ್ಲಿ, ಹಾರ್ವರ್ಡಿನವರು. ಹದಿನಾರು ಸಾವಿರಕ್ಕೂ ಜಾಸ್ತಿ ಅಮೆರಿಕದ ಹೆಂಗಸರು, ಸರಾಸರಿ ವಯಸ್ಸು 72. ದಿನಕ್ಕೆ 4,400 ಹೆಜ್ಜೆ ಹಾಕೋರಲ್ಲೇ, 2,700 ಹಾಕೋರಿಗಿಂತ ಸಾವು ಕಮ್ಮಿ ಇತ್ತು. 7,500ರ ಹತ್ತಿರ ಬಂದ ಮೇಲೆ ಹೆಚ್ಚಿಗೆ ಲಾಭ ಕಾಣಲಿಲ್ಲ. ಅವರೆಲ್ಲ ಹೆಂಗಸರು, ನಾನು ಗಂಡಸು ಅಂತ ವಾದಕ್ಕೆ ಬರ್ತೀರಿ, ಗೊತ್ತು. ಬನ್ನಿ, ಆರು ಸಾವಿರಕ್ಕೆ ರಾಜಿ ಆಗೋಣ. ಗುರಿ ಬದಲಾಯಿಸೋದು ಹೇಗೆ ಅಂತ ಸುಮಂಗೆ ಹೇಳಿಕೊಟ್ಟಿದ್ದೇನೆ. ಊಟ ತಿಂಡಿ ಆದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಓಡಾಡಿ, ಊಟದ ನಂತರ ಸಕ್ಕರೆ ಏರೋದಕ್ಕೆ ಅದು ಒಳ್ಳೆ ಕಡಿವಾಣ. ರಾತ್ರಿ ಟೇಬಲ್ ಪ್ರದಕ್ಷಿಣೆ ದಯವಿಟ್ಟು ಬೇಡ.

ಹೋಳಿಗೆ ವಿಷಯವನ್ನೂ ಹೇಳಿಬಿಡ್ತೀನಿ. ಕೈಗೆ ಕಟ್ಟೋ ಏಳು ಥರದ ಯಂತ್ರಗಳನ್ನು 2017ರಲ್ಲಿ ಸ್ಟ್ಯಾನ್‌ಫರ್ಡಿನವರು ಹೋಲಿಸಿ ನೋಡಿದರು. ನಾಡಿ ಮಟ್ಟಿಗೆ ಹೆಚ್ಚಿನವು ಪಾಸು. ಕ್ಯಾಲೊರಿಯಲ್ಲಿ ಎಲ್ಲವೂ ಫೇಲು, ಅತಿ ಚೆನ್ನಾಗಿದ್ದದ್ದೇ ನೂರಕ್ಕೆ 27ರಷ್ಟು ತಪ್ಪು. ಆ ನಾನ್ನೂರನ್ನು ನಂಬಿ ಹೋಳಿಗೆಗೆ ಕೈ ಹಾಕಬೇಡಿ. ತಿನ್ನಬೇಕು ಅನಿಸಿದರೆ ಒಂದು ತಿನ್ನಿ, ವಾಚಿನ ಅಪ್ಪಣೆ ಯಾಕೆ? ಬರೀ ವಾಚು ಕಟ್ಟಿದ್ದಕ್ಕೆ ಯಾರೂ ಸಣ್ಣ ಆಗಿಲ್ಲ. ನನಗೆ ಇಳಿದದ್ದು ಆ ಕಾಫಿ ಡಬ್ಬ, ನೂಡಲ್ಸು ಬಿಟ್ಟಿದ್ದಕ್ಕೆ. ನಿಮಗೂ ಸಂಜೆ ನಾಲ್ಕರ ಚಕ್ಕುಲಿ ಕೋಡುಬಳೆ ಡಬ್ಬ ಮೇಲಿನ ಅಟ್ಟಕ್ಕೆ ಹೋದರೆ ಅರ್ಧ ಕೆಲಸ ಆದ ಹಾಗೆ. ಅಮ್ಮ, ಇದು ನಿನಗೂ ಸೇರಿ ಹೇಳಿದ್ದು.

ಒಂದು ಖುಷಿ ವಿಷಯ. ಇಲ್ಲಿ ಬೆಳಿಗ್ಗೆ ಆರೂವರೆಗೆ ರೇಡಿಯೋದಲ್ಲಿ ವ್ಯಾಯಾಮ ಬರುತ್ತೆ, 1928ರಲ್ಲಿ ಶುರುವಾದದ್ದು. ಪಾರ್ಕಿನಲ್ಲಿ ಮುದುಕರು ಮುದುಕಿಯರು ಟ್ರಾನ್ಸಿಸ್ಟರ್ ಇಟ್ಟುಕೊಂಡು ಪಿಯಾನೋ ತಾಳಕ್ಕೆ ಕೈಕಾಲು ಆಡಿಸ್ತಾರೆ, ಹತ್ತು ನಿಮಿಷದಲ್ಲಿ ಮನೆಗೆ. ಯಾರ ಮುಖದಲ್ಲೂ ಹಟ ಇಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳಿಗೂ ಉಂಟು, ಬಂದವರ ಕಾರ್ಡಿಗೆ ಒಂದು ಮುದ್ರೆ ಒತ್ತುತ್ತಾರೆ. ಪುಟ್ಟಿ ಒಂದು ದಿನವೂ ತಪ್ಪಿಸಲಿಲ್ಲ, ಆ ಮುದ್ರೆ ಆಸೆಗೆ! ತಾತಂಗೂ ಅಂತ ಅವಳೇ ಒಂದು ಕಾರ್ಡು ಗೀಚಿದ್ದಾಳೆ, ಇದರ ಜೊತೆಗಿದೆ. ತಿಂಡಿ ತಿಂದು ವಾಕಿಂಗ್ ಹೋದ ದಿನ ಒಂದು ಮುದ್ರೆ. ಮುದ್ರೆ ಒತ್ತೋಳು ಅಜ್ಜಿ. ತಾತ ಮೋಸ ಮಾಡಿದರೆ ಕಾರ್ಡು ಕ್ಯಾನ್ಸಲ್ ಅಂತ ಹಿಂದೆ ಬರೆದಿದ್ದಾಳೆ, ಅರ್ಧ ಕನ್ನಡ, ಅರ್ಧ ಜಪಾನಿ.

ಅಮ್ಮ, ನೀನು ಹೆದರಬೇಡ. ಇದು ಸರಿಹೋಗೋ ವಿಷಯ. ಏನೂ ಆಗಲ್ಲ. ಏನೇನೂ ಆಗಲ್ಲ. ಡಾಕ್ಟರು ಹೇಳಿದಂತೆ ಕೇಳಿದರೆ ಅಪ್ಪ ನಮ್ಮೆಲ್ಲರಿಗಿಂತ ಗಟ್ಟಿಯಾಗಿರ್ತಾರೆ. ಆದರೂ ಒಂದು ಮಾತು: ಬೆಳಿಗ್ಗೆ ಎಬ್ಬಿಸಿದರೆ ಎದ್ದೇಳದೆ ಇದ್ದರೆ, ಮಾತು ತೊದಲಿದರೆ, ಬಾಯಿಗೆ ಏನೂ ಸುರಿಯಬೇಡ. ಸುಮಂಗೆ ಹೇಳಿ ನೇರ ಆಸ್ಪತ್ರೆಗೆ. ಹಾಗೇನೂ ಆಗಲ್ಲ, ಸುಮ್ನೆ ತಿಳಿದಿರಲಿ ಅಂತ ಬರೆದೆ. ನೀನು ನಿನ್ನ ಬಿಪಿ ಮಾತ್ರೆ ಮರೀಬೇಡ.

ಶ್ರೀಧರ್ ಕೆಳಗೆ ಬಂದು ಫೋನ್ ಮೇಲೆ ಫೋನ್ ಮಾಡ್ತಿದ್ದಾನೆ, ಇವತ್ತು ರಾತ್ರಿಯೇ ಅವನ ಫ್ಲೈಟು. ಮಂಗಳವಾರ ಮೈಸೂರಿಗೆ ಬರ್ತಾನೆ, ಕಾಫಿ ಕೊಡು. ಅವನ ಕೈಲಿ ಸಂಡಿಗೆ ಕಳಿಸಬೇಡ, ಬ್ಯಾಗಲ್ಲಿ ಜಾಗ ಇಲ್ಲವಂತೆ. ವಿದ್ಯಾ ಬೇರೆಯಾಗಿ ಬರೀತಾಳೆ. ಗುರುವಾರ ಡಾಕ್ಟರ ಹತ್ತಿರ ಹೋಗಿ ಬಂದ ಕೂಡಲೇ ಚೀಟಿಯ ಫೋಟೋ ಕಳಿಸೋಕೆ ಸುಮಂಗೆ ಹೇಳು, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಎದ್ದಿರ್ತೀನಿ.

ನಿಮ್ಮ
ರವಿ